ಹೋಲಿಕೆಯ ಗಡಿ ದಾಟಿದ ನಿಜಲಿಂಗಪ್ಪ

ನೆರೆಯವನಿಗೆ ದೊರೆತುದನ್ನು ತನಗೆ ದೊರೆತುದರೊಡನೆ ತೂಗಿ ನೋಡುವುದು ಮಾನವ ಸಹಜ ಸ್ವಭಾವ. ಆದರೆ ಆ ತೂಕವೇ ಮನಸ್ಸನ್ನು ಆಳತೊಡಗಿದಾಗ, ಕೂಡಿ ದುಡಿಯಬೇಕಾದ ಕೈಗಳು ಹಿಂದೆ ಸರಿಯುತ್ತವೆ. ಶುಭಸಂದೇಶದ ಸಾಮತಿಯಲ್ಲಿ ದ್ರಾಕ್ಷಾತೋಟದ ಮೊದಲ ಕೂಲಿಯಾಳುಗಳು ಗೊಣಗಿದ್ದು, ಕಡೆಯಲ್ಲಿ ಬಂದವರಿಗೂ ತಮ್ಮಷ್ಟೇ ಕೂಲಿ ದೊರೆತುದಕ್ಕಾಗಿ. ಕರ್ನಾಟಕದ ಏಕೀಕರಣಕ್ಕೂ ಇಂತಹುದೇ ಗೊಣಗಾಟ ಎದುರಾಯಿತು. ಅದನ್ನು ಮೀರಿ ನಿಂತವರಲ್ಲಿ ಎಸ್. ನಿಜಲಿಂಗಪ್ಪನವರು ಪ್ರಮುಖರು.

1902ರ ಡಿಸೆಂಬರ್ 10ರಂದು ಅವರು ಜನಿಸಿದ ಹಲುವಾಗಲು ಗ್ರಾಮ ಅಂದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ವಕೀಲರಾಗಿ ನೆಲೆಸಿದ ಚಿತ್ರದುರ್ಗ ಮೈಸೂರು ಸಂಸ್ಥಾನದಲ್ಲಿತ್ತು. ಹೀಗೆ ಗಡಿಯ ಎರಡೂ ಬದಿಯ ಬದುಕನ್ನು ಅವರು ಬಲ್ಲವರಾಗಿದ್ದರು. 1939ರಲ್ಲಿ ತುರುವನೂರಿನಲ್ಲಿ ನಡೆದ ಈಚಲು ಮರದ ಸತ್ಯಾಗ್ರಹದಲ್ಲಿ ಪಾಲ್ಗೊಂಡು ಸೆರೆವಾಸವನ್ನೂ ಅನುಭವಿಸಿದರು.

ಮೈಸೂರು ಸಂಸ್ಥಾನಕ್ಕೆ 1902ರಲ್ಲೇ ಶಿವನಸಮುದ್ರದ ವಿದ್ಯುತ್ತು, 1907ರಲ್ಲಿ ಹಿರಿಯೂರಿನ ಬಳಿಯ ಮಾರಿಕಣಿವೆ ಅಣೆಕಟ್ಟು, 1916ರಲ್ಲಿ ವಿಶ್ವವಿದ್ಯಾನಿಲಯ ಲಭಿಸಿದ್ದವು. ಹಿಂದುಳಿದ ಉತ್ತರದ ಜಿಲ್ಲೆಗಳು ಸೇರಿದರೆ ತಮ್ಮ ಪಾಲು ಕುಗ್ಗೀತೆಂದು ಹಳೆಯ ಮೈಸೂರಿನ ಹಲವರು ಅಂಜಿದರು. ರಾಜಕೀಯ ಬಲ ಕೈತಪ್ಪೀತೆಂಬ ಆತಂಕವೂ ಇತ್ತು. ನಿಜಲಿಂಗಪ್ಪನವರು ಮೈಸೂರಿನ ನಾಯಕರಾಗಿದ್ದೂ ಈ ಲೆಕ್ಕಾಚಾರಕ್ಕೆ ಮಣಿಯಲಿಲ್ಲ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಅವರೇ ಅದರ ಪ್ರಥಮ ಮುಖ್ಯಮಂತ್ರಿಗಳಾದರು.

1962ರ ಚುನಾವಣೆಯಲ್ಲಿ ಸ್ವಂತ ಜಿಲ್ಲೆಯ ಹೊಸದುರ್ಗದಲ್ಲೇ ಅವರಿಗೆ ಸೋಲಾಯಿತು. ಆಗ ಮುಖ್ಯಮಂತ್ರಿ ಪದವಿ ಹುನಗುಂದದ ಎಸ್. ಆರ್. ಕಂಠಿಯವರಿಗೆ ಬಂದಿತು. ನಿಜಲಿಂಗಪ್ಪನವರಿಗೆ ಆಸರೆಯಾದದ್ದು ಉತ್ತರದ ಬಾಗಲಕೋಟೆ; ಅಲ್ಲಿನ ಉಪಚುನಾವಣೆಯಲ್ಲಿ ಅವರು ಗೆದ್ದುಬಂದರು. ಮೂರು ತಿಂಗಳು ಆಳಿದ ಕಂಠಿಯವರು ಅಧಿಕಾರವನ್ನು ತಾವಾಗಿಯೇ ಬಿಟ್ಟುಕೊಟ್ಟು, ನಿಜಲಿಂಗಪ್ಪನವರ ಸಂಪುಟದಲ್ಲೇ ಶಿಕ್ಷಣ ಸಚಿವರಾಗಿ ದುಡಿದರು. ಯಾರು ಹಿರಿಯರು, ಯಾರು ಕಿರಿಯರು ಎಂಬ ತುಲನೆಗೆ ಅವರು ಇಳಿದಿದ್ದರೆ ಎಳೆಯ ರಾಜ್ಯ ಒಡಕಿನ ದಾರಿ ಹಿಡಿಯಬಹುದಿತ್ತು. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಶಂಕುಸ್ಥಾಪನೆಯಾಗಿ, ಉತ್ತರದ ಬರಡು ನೆಲಕ್ಕೂ ನೀರಿನ ಭರವಸೆ ಮೂಡಿತು.

ಆದರೂ ಅವರ ಬಾಳಿನಲ್ಲಿ ಸಹಕಾರವೇ ಸದಾ ಗೆಲ್ಲಲಿಲ್ಲ. 1969ರಲ್ಲಿ ಅವರು ಅಖಿಲ ಭಾರತ ಅಧ್ಯಕ್ಷರಾಗಿದ್ದಾಗಲೇ ಕಾಂಗ್ರೆಸ್ ಪಕ್ಷ ಇಬ್ಭಾಗವಾಯಿತು. ಅಧ್ಯಕ್ಷರು ದೊಡ್ಡವರೋ ಪ್ರಧಾನಿ ದೊಡ್ಡವರೋ ಎಂಬ ಅಳತೆಗೋಲು ಅಡ್ಡ ಬಂದಾಗ ಅನುಭವಿ ನಾಯಕರೂ ಕೂಡಿ ನಡೆಯಲಾರದೆ ಹೋದರು. ಕ್ರಮೇಣ ಅಧಿಕಾರ ರಾಜಕಾರಣದಿಂದ ದೂರ ಸರಿದ ಅವರು 2000ದ ಆಗಸ್ಟ್‌ನಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ ಚಿತ್ರದುರ್ಗದಲ್ಲಿ ನಿಧನರಾದರು.

ಪ್ರಿಯ ವಾಚಕರೇ, ಹೊಳಲ್ಕೆರೆಯ ಸಂಘವಿರಲಿ, ಹಿರಿಯೂರಿನ ಕಾಲುವೆಯ ನೀರಿರಲಿ, ನಮ್ಮದೇ ಮನೆಯ ಅಣ್ಣತಮ್ಮಂದಿರ ಪಾಲಿರಲಿ, ಅವನಿಗೆಷ್ಟು ಎಂಬ ಪ್ರಶ್ನೆ ಮೊದಲಾದಲ್ಲಿ ಕೆಲಸ ನಿಲ್ಲುತ್ತದೆ. ಎಲ್ಲರಿಗೂ ಏನು ಬೇಕು ಎಂಬುದನ್ನು ಮೊದಲು ಕೇಳಿಕೊಳ್ಳೋಣ. ಕನ್ನಡ ನಾಡು ಒಂದಾದದ್ದು ಹಾಗೆ ಕೇಳಿಕೊಂಡವರಿಂದಲೇ.