ಗಾಂಧೀಜಿ ಬದಲಿಸಿಕೊಂಡ ದಿನಚರಿ



ಪರಿಸರ ಉಳಿಸಬೇಕೆಂಬ ಮಾತು ಈಗ ನಮ್ಮ ಎಲ್ಲ ಸಭೆಗಳಲ್ಲೂ ಬರುತ್ತದೆ. ಮಾತು ಮುಗಿದ ಮೇಲೆ ಊಟದ ಪಂಕ್ತಿಯಲ್ಲಿ ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿಗಳು ರಾಶಿ ಬೀಳುತ್ತವೆ. ಸ್ವಯಂಸೇವಕನಾಗಿ ಆ ರಾಶಿಯನ್ನು ಎಷ್ಟೋ ಸಲ ಎತ್ತಿದ್ದೇನೆ. ಆಗೆಲ್ಲ ನೆನಪಾಗುವುದು ಮಹಾತ್ಮ ಗಾಂಧೀಜಿಯವರ ಬದುಕು. ಅವರು ಒಂದೇ ದಿನದಲ್ಲಿ ಸರಳರಾದವರಲ್ಲ. ಒಂದೊಂದೇ ಅಭ್ಯಾಸ ಬಿಡುತ್ತಾ ಹೋದವರು.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಅವರ ಜನನ. ತಾಯಿ ಪುತಲೀಬಾಯಿ ವ್ರತ, ಉಪವಾಸಗಳಲ್ಲಿ ದೃಢವಾಗಿದ್ದವರು. 1888ರಲ್ಲಿ ಮಗ ಇಂಗ್ಲೆಂಡಿಗೆ ಹೊರಟಾಗ ಆ ತಾಯಿಗೆ ಆತಂಕ. ಆಗ ಬೇಚರಜಿ ಸ್ವಾಮಿ ಎಂಬ ಜೈನ ಸಾಧುಗಳು ಹುಡುಗನಿಗೆ ಮದ್ಯ, ಮಾಂಸ, ಪರಸ್ತ್ರೀಸಂಗ ಬಿಡುವ ವ್ರತ ಕೊಟ್ಟರು. ಅದರ ನಂತರವೇ ತಾಯಿ ಒಪ್ಪಿದರು.

ಲಂಡನ್ನಿನಲ್ಲಿ ಮೊದಲು ಗಾಂಧೀಜಿಗೂ ಸೂಟು, ಟೋಪಿಗಳ ಶೋಕಿ ಇತ್ತು. ಆದರೆ ಪ್ರತಿ ಖರ್ಚನ್ನೂ ಲೆಕ್ಕಕ್ಕೆ ಬರೆಯುತ್ತಿದ್ದರು. ಲೆಕ್ಕ ನೋಡಿದಾಗ ತಪ್ಪು ಕಂಡಿತು. ಎರಡು ಕೋಣೆ ಬಿಟ್ಟು ಒಂದಕ್ಕೆ ಬಂದರು, ಗಾಡಿ ಬಿಟ್ಟು ನಡೆದರು, ಬೆಳಗಿನ ಉಪಾಹಾರ ತಾವೇ ಮಾಡಿಕೊಂಡರು. ನಮ್ಮಂಥ ವ್ಯಾಪಾರಿಗಳಿಗೆ ಇದು ಅರ್ಥವಾಗುವ ಮಾತು.

1891ರಲ್ಲಿ ಮುಂಬಯಿಗೆ ಮರಳಿದಾಗ ಶ್ರೀಮದ್ ರಾಜಚಂದ್ರರ ಪರಿಚಯವಾಯಿತು. ವಜ್ರ, ಮುತ್ತಿನ ವ್ಯಾಪಾರ ನಡೆಸುತ್ತಲೇ ಆತ್ಮಚಿಂತನೆಯಲ್ಲಿದ್ದ ಆ ಜೈನ ಶ್ರಾವಕರು ಗಾಂಧೀಜಿಯವರ ಮೇಲೆ ಆಳವಾದ ಪ್ರಭಾವ ಬೀರಿದರು.

ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿ ತಮ್ಮ ಬಟ್ಟೆ ತಾವೇ ಒಗೆಯತೊಡಗಿದರು. ಮೊದಲ ಸಲ ಕಾಲರಿನಿಂದ ಗಂಜಿ ಉದುರಿ ಜೊತೆಯ ವಕೀಲರು ನಕ್ಕರು. ತಲೆಗೂದಲನ್ನೂ ತಾವೇ ಕತ್ತರಿಸಿಕೊಂಡರು, ಹಿಂಭಾಗ ಕೆಟ್ಟಿತು, ಮತ್ತೆ ನಕ್ಕರು. ಅವರು ಹಿಂಜರಿಯಲಿಲ್ಲ.

ಆದರೆ ಒಂದು ದೊಡ್ಡ ತಪ್ಪೂ ಆಯಿತು. ಡರ್ಬನ್ನಿನ ಮನೆಯಲ್ಲಿ ಅತಿಥಿಗಳ ಶೌಚದ ಪಾತ್ರೆಗಳನ್ನು ಮನೆಯವರೇ ತೊಳೆಯಬೇಕೆಂದು ನಿಯಮ ಮಾಡಿದ್ದರು. ಕಸ್ತೂರಬಾ ಅಳುತ್ತಾ ಆ ಕೆಲಸ ಮಾಡಿದಾಗ, ಸಂತೋಷದಿಂದ ಮಾಡಬೇಕೆಂದು ಗದರಿದರು. ಜಗಳ ಬೆಳೆದು ಅವರನ್ನು ಕೈಹಿಡಿದು ಗೇಟಿನವರೆಗೆ ಎಳೆದೊಯ್ದರು. ಪರದೇಶದಲ್ಲಿ ಎಲ್ಲಿಗೆ ಹೋಗಲಿ ಎಂದು ಆಕೆ ಕೇಳಿದಾಗ ನಾಚಿಕೆಯಿಂದ ಗೇಟು ಮುಚ್ಚಿದರು. ಈ ಘಟನೆಯನ್ನು ಮುಂದೆ ಆತ್ಮಕಥೆಯಲ್ಲಿ ತಾವೇ ಬರೆದು ಒಪ್ಪಿಕೊಂಡರು. ತಾನು ಹಿಡಿದ ವ್ರತ ತನ್ನನ್ನು ತಿದ್ದುತ್ತದೆ, ಇನ್ನೊಬ್ಬರ ಮೇಲೆ ಹೇರಿದರೆ ಅದೇ ಹಿಂಸೆಯಾಗುತ್ತದೆ.

1910ರಲ್ಲಿ ಮಿತ್ರ ಕಲೆನ್‌ಬಾಖ್ ಕೊಟ್ಟ 1,100 ಎಕರೆಯಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಆರಂಭವಾಯಿತು. ಬಳಸಿದ ನೀರು ಗಿಡಗಳಿಗೆ, ಅಡುಗೆಮನೆಯ ಕಸ ಗೊಬ್ಬರಕ್ಕೆ, ಮಲವೂ ಗುಂಡಿ ಸೇರಿ ಮಣ್ಣಿಗೆ. ಸ್ವಂತ ಕೆಲಸಕ್ಕೆ 21 ಮೈಲಿ ದೂರದ ಜೋಹಾನ್ಸ್‌ಬರ್ಗಿಗೆ ಹೋಗುವವರು ನಡೆದೇ ಹೋಗಬೇಕು. ಗಾಂಧೀಜಿಯೂ ಹಾಗೆಯೇ ನಡೆದರು.

1915ರಲ್ಲಿ ಹರಿದ್ವಾರದ ಕುಂಭಮೇಳದ ಸಮಯ. ಹೋದಲ್ಲೆಲ್ಲ ತಮಗಾಗಿ ಬಗೆಬಗೆಯ ಭಕ್ಷ್ಯ ಮಾಡುವುದನ್ನು ಕಂಡು, ದಿನಕ್ಕೆ ಐದೇ ಪದಾರ್ಥ, ಕತ್ತಲಾದ ಮೇಲೆ ಊಟವಿಲ್ಲ ಎಂದು ವ್ರತ ಹಿಡಿದರು. ರಾತ್ರಿ ಭೋಜನ ತ್ಯಾಗ ನಮಗೆ ಹೊಸದಲ್ಲ. ಐದರ ಮಿತಿ ಮಾತ್ರ ನಮ್ಮ ಮದುವೆ ಊಟಗಳಿಗೆ ಹೊಸದು. 1921ರಲ್ಲಿ ಮಧುರೈಯಲ್ಲಿ ಮೇಲಂಗಿ ಬಿಟ್ಟು ತುಂಡು ಪಂಚೆ ಉಟ್ಟರು. 1936ರಿಂದ ಸೇವಾಗ್ರಾಮದ ಮಣ್ಣಿನ ಮನೆಯಲ್ಲಿ ವಾಸವಿದ್ದರು. 1948ರ ಜನವರಿ 30ರಂದು ಹತರಾದಾಗ ಅವರದೆಂದು ಉಳಿದದ್ದು ಕನ್ನಡಕ, ಗಡಿಯಾರ, ಚಪ್ಪಲಿಯಂಥ ಕೆಲವೇ ವಸ್ತುಗಳು.

ಇದು ಪರಿಗ್ರಹ ಪರಿಮಾಣವಲ್ಲದೆ ಇನ್ನೇನು? ಬೇಡಿಕೆ ಇಳಿದಷ್ಟೂ ನೀರು, ಮರ, ಸಣ್ಣ ಜೀವಿಗಳ ಮೇಲಿನ ಹಿಂಸೆ ಇಳಿಯುತ್ತದೆ. ನಾನು ಪಂಕ್ತಿಗೆ ಹೋಗುವಾಗ ಸ್ಟೀಲ್ ಲೋಟ ಜೊತೆಗೆ ಒಯ್ಯುತ್ತೇನೆ. ಮೊದಲು ಕೆಲವರು ನಕ್ಕರು. ಯಾರಿಗೂ ಉಪದೇಶ ಮಾಡಲಿಲ್ಲ. ಈಗ ನಮ್ಮ ಸಾಲಿನಲ್ಲಿ ಇನ್ನೂ ಎರಡು ಮೂರು ಲೋಟಗಳು ಕಾಣುತ್ತವೆ. ತಾವೂ ಈ ತಿಂಗಳು ಒಂದೇ ಒಂದು ಅಭ್ಯಾಸ ಆರಿಸಿಕೊಂಡು, ಅದನ್ನು ವ್ರತದಂತೆ ನಡೆಸಿ ನೋಡಿ.

ಜೈ ಜಿನೇಂದ್ರ.