ತಿರುವಿನಲ್ಲಿ ಗೆದ್ದ ಪುಟ್ಟ ಕಾರು: ಸರ್ ಅಲೆಕ್ ಇಸಿಗೋನಿಸ್

ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಒಂದು ಕಾಲಕ್ಕೆ ವರ್ತಕರನ್ನು ಕರೆತರುತ್ತಿದ್ದ ಅಂಬಾಸಿಡರ್‌ಗೂ, ಇಂದು ದಂಡಿನಶಿವರದ ತೆಂಗಿನ ತೋಟಗಳ ನಡುವೆ ಓಡುವ ಸಣ್ಣ ಹ್ಯಾಚ್‌ಬ್ಯಾಕ್‌ಗಳಿಗೂ ಮೂಲದಲ್ಲಿ ನಂಟಿದೆ. ಅಂಬಾಸಿಡರ್ ಮುಂಭಾಗದ ಟಾರ್ಶನ್ ಬಾರ್ ಸಸ್ಪೆನ್ಷನ್ ಇಸಿಗೋನಿಸ್ ರೂಪಿಸಿದ ಮೋರಿಸ್ ಕಾರುಗಳ ಬಳುವಳಿ. ಎಂಜಿನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನೇ ಎಳೆಯಲು ಬಿಡುವ ವಿಧಾನವನ್ನು ಜನಪ್ರಿಯಗೊಳಿಸಿದವರೂ ಅವರೇ.

ಅಲೆಕ್ ಇಸಿಗೋನಿಸ್ ಹುಟ್ಟಿದ್ದು 1906ರ ನವೆಂಬರ್ 18ರಂದು, ಇಂದಿನ ತುರ್ಕಿಯ ಇಜ್ಮಿರ್ ಆಗಿರುವ ಸ್ಮಿರ್ನಾದಲ್ಲಿ. ತಂದೆ ಗ್ರೀಕ್ ಮೂಲದವರು, ತಾಯಿ ಜರ್ಮನಿಯವರು. 1922ರ ಗ್ರೀಕ್–ತುರ್ಕಿ ಯುದ್ಧದಲ್ಲಿ ಕುಟುಂಬ ಮನೆಮಾರು ತೊರೆಯಬೇಕಾಯಿತು. ತಂದೆ ಮಾಲ್ಟಾದಲ್ಲೇ ತೀರಿಕೊಂಡರು. ತಾಯಿಯೊಡನೆ ಇಂಗ್ಲೆಂಡಿಗೆ ಬಂದ ಹುಡುಗ ಬ್ಯಾಟರ್ಸೀ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಓದಿದ. ಗಣಿತದಲ್ಲಿ ಮೂರು ಬಾರಿ ನಪಾಸು! ಚಿತ್ರ ಬರೆಯುವ ಕೈ ಮಾತ್ರ ಪಳಗಿತ್ತು.

1936ರಲ್ಲಿ ಮೋರಿಸ್ ಕಂಪನಿ ಸೇರಿದ ಅವರಿಗೆ ಸಸ್ಪೆನ್ಷನ್ ಮೇಲೆಯೇ ಒಲವು. ಬಿಡುವಿನಲ್ಲಿ ಗೆಳೆಯ ಜಾರ್ಜ್ ಡೌಸನ್ ಜತೆ ರಬ್ಬರ್ ಸಸ್ಪೆನ್ಷನ್‌ನ ರೇಸ್ ಕಾರೊಂದನ್ನು ಕೈಯಾರೆ ಕಟ್ಟಿದರು. 1948ರಲ್ಲಿ ಬಂದ ಮೋರಿಸ್ ಮೈನರ್, ಬ್ರಿಟನ್ನಿನಲ್ಲಿ ಹತ್ತು ಲಕ್ಷದ ಗಡಿ ದಾಟಿದ ಮೊದಲ ಕಾರೆನಿಸಿತು. ಅದರ ಮಾದರಿ ಕಿರಿದಾಯಿತೆಂದು ತೋರಿದಾಗ ಇಸಿಗೋನಿಸ್ ಅದನ್ನು ಉದ್ದುದ್ದ ಸೀಳಿಸಿ, ನಾಲ್ಕು ಇಂಚು ಅಗಲಿಸಿ, ಮತ್ತೆ ಜೋಡಿಸಿದ್ದರು.

1956ರ ಸೂಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ಪಡಿತರ ಬಂದಾಗ, ಮಿತವ್ಯಯದ ಪುಟ್ಟ ಕಾರು ತಯಾರಿಸುವ ಹೊಣೆ ಅವರ ಹೆಗಲೇರಿತು. 1959ರ ಆಗಸ್ಟ್ 26ರಂದು ಬಿಡುಗಡೆಯಾದ ಮಿನಿ ಕೇವಲ ಹತ್ತು ಅಡಿ ಉದ್ದ. ಹತ್ತು ಇಂಚಿನ ಚಕ್ರಗಳು ನಾಲ್ಕು ಮೂಲೆಗೆ, ಗೇರ್‌ಬಾಕ್ಸ್ ಎಂಜಿನ್ನಿನ ಅಡಿಗೆ. ಸ್ಪ್ರಿಂಗ್ ಬದಲು ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರ್ ಶಂಕುಗಳು.

ಮುಂಚಕ್ರ ಚಾಲನೆಯ ಕಾರಿಗೆ ಹುಟ್ಟಿನಿಂದಲೇ ಅಂಟಿದ ದೋಷವೊಂದಿದೆ. ಎಳೆಯುವುದು, ತಿರುಗಿಸುವುದು ಎರಡೂ ಮುಂದಿನ ಟೈರುಗಳ ಪಾಲಿನ ಕೆಲಸ. ಭಾರವೂ ಅವುಗಳ ಮೇಲೆಯೇ. ವೇಗವಾಗಿ ತಿರುವಿಗೆ ಇಳಿದರೆ ಅವು ಮೊದಲು ಹಿಡಿತ ಬಿಡುತ್ತವೆ, ಕಾರು ಹೊರಮಗ್ಗುಲಿಗೆ ಜಾರುತ್ತದೆ. ಇಂದಿನ ಉತ್ಸಾಹಿಗಳು ಇದಕ್ಕೆ ಹಿಂಭಾಗಕ್ಕೆ ದಪ್ಪನೆಯ ಸ್ವೇ ಬಾರ್ ಹಾಕಿಸುತ್ತಾರೆ. ಎಡ–ಬಲ ಚಕ್ರಗಳನ್ನು ಬೆಸೆಯುವ ಈ ಉಕ್ಕಿನ ಸರಳು, ಕಾರು ವಾಲಿದಾಗ ತಿರುಚಿಕೊಂಡು ವಾಲುವಿಕೆಯನ್ನು ತಡೆಯುತ್ತದೆ. ಹಿಂದಿನ ಹಿಡಿತ ತುಸು ತಗ್ಗಿ, ಮುಂದಿನ ಟೈರುಗಳಿಗೆ ಉಸಿರಾಡಲು ಎಡೆ ಸಿಗುತ್ತದೆ. ಮುಂದಿನದನ್ನಷ್ಟೇ ದಪ್ಪ ಮಾಡಿದರೆ ಹೆಚ್ಚಾಗಿ ರೋಗ ಉಲ್ಬಣವೇ. ಹಿಂದಿನದು ಅತಿಯಾದರೂ ಅಪಾಯ: ಒದ್ದೆ ರಸ್ತೆಯ ತಿರುವಿನಲ್ಲಿ ಥಟ್ಟನೆ ಆಕ್ಸಲರೇಟರ್ ಬಿಟ್ಟರೆ ಕಾರಿನ ಬಾಲವೇ ಮುಂದೆ ಬಂದೀತು. ಮಿನಿ ಕಾರ್ಖಾನೆಯಿಂದ ಹೊರಬಂದದ್ದು ಈ ಸರಳೇ ಇಲ್ಲದೆ. ತಗ್ಗಿನ ಮೈ, ಮೂಲೆಯ ಚಕ್ರ, ಒತ್ತಿದಷ್ಟೂ ಬಿಗಿಯಾಗುವ ರಬ್ಬರ್, ಇಷ್ಟರಿಂದಲೇ ಅದು ತಿರುವನ್ನು ಕಚ್ಚಿ ಹಿಡಿಯುತ್ತಿತ್ತು.

ಆದರೂ ಅದನ್ನು ಪಂದ್ಯಕ್ಕಿಳಿಸಲು ಇಸಿಗೋನಿಸ್‌ಗೆ ಮನಸ್ಸಿರಲಿಲ್ಲ. ಸಾಮಾನ್ಯರ ಕಾರು ಸಾಮಾನ್ಯರದ್ದಾಗಿಯೇ ಇರಲೆಂಬುದು ಅವರ ಹಟ. ರೇಸ್ ಕಾರುಗಳ ಜಾನ್ ಕೂಪರ್ ಸಂಸ್ಥೆಯ ಮುಖ್ಯಸ್ಥರನ್ನು ಒಪ್ಪಿಸಿ 1961ರಲ್ಲಿ ಮಿನಿ ಕೂಪರ್ ತಂದರು. 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಅದರದೇ ಆಯಿತು. 1966ರಲ್ಲೂ ಮೊದಲ ಮೂರು ಸ್ಥಾನ ಪಡೆದಿತ್ತು, ದೀಪದ ನಿಯಮದ ನೆಪದಲ್ಲಿ ಅನರ್ಹಗೊಂಡಿತು.

ಹಟಕ್ಕೆ ಬೆಲೆಯೂ ತೆರಬೇಕಾಯಿತು. ಮೊದಲ ಮಿನಿಗಳ ನೆಲದೊಳಗೆ ಮಳೆನೀರು ಸೋರುತ್ತಿತ್ತು. 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ರಚನೆಯಾದಾಗ ಅವರನ್ನು ಮುಖ್ಯ ಹೊಣೆಯಿಂದ ಸರಿಸಲಾಯಿತು. ಮಿನಿಯ ಉತ್ತರಾಧಿಕಾರಿಯೆಂದು ಅವರು ರೂಪಿಸಿದ 9ಎಕ್ಸ್ ಎಂಬ ಹ್ಯಾಚ್‌ಬ್ಯಾಕ್ ಮಾದರಿಯಲ್ಲೇ ಉಳಿಯಿತು. ಮುಂಚಕ್ರ ಚಾಲನೆಯ ಹ್ಯಾಚ್‌ಬ್ಯಾಕ್ ಆಗಿದ್ದ ಅವರ ಮ್ಯಾಕ್ಸಿ 1969ರಲ್ಲಿ ಬಂದರೂ ಜನರ ಮನ ಗೆಲ್ಲಲಿಲ್ಲ. ಅದೇ ವರ್ಷ ಅವರಿಗೆ ಸರ್ ಪದವಿ ಸಂದಿತು. ಐದೇ ವರ್ಷಗಳಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆ ಮಾರುಕಟ್ಟೆಯನ್ನು ಬಾಚಿಕೊಂಡಿತು. 1983ರಲ್ಲಿ ಮಾರುತಿ 800 ಬಂದಾಗ ಅಡ್ಡ ಎಂಜಿನ್ ಭಾರತದಲ್ಲೂ ಮನೆಮಾತಾಯಿತು, ಗೇರ್‌ಬಾಕ್ಸ್ ಮಾತ್ರ ಅಡಿಯಿಂದ ಪಕ್ಕಕ್ಕೆ ಸರಿದಿತ್ತು.

1988ರ ಅಕ್ಟೋಬರ್ 2ರಂದು ಅವರು ಬರ್ಮಿಂಗ್‌ಹ್ಯಾಮ್‌ನಲ್ಲಿ ನಿಧನರಾದರು. ಮಿನಿಯ ತಯಾರಿಕೆ ಅನಂತರವೂ ಹನ್ನೆರಡು ವರ್ಷ ನಡೆದು 2000ದ ಅಕ್ಟೋಬರ್‌ನಲ್ಲಿ ನಿಂತಿತು; ಅಷ್ಟರಲ್ಲಿ 53 ಲಕ್ಷಕ್ಕೂ ಹೆಚ್ಚು ಕಾರುಗಳು ರಸ್ತೆಗಿಳಿದಿದ್ದವು.