ಬೆನ್ನಿಗೆ ಸೂಜಿ, ಬರಡು ನೆಲಕ್ಕೆ ಕಾಡು: ಡಾ. ಆಗಸ್ಟ್ ಬಿಯರ್

ಮುತ್ತಂಗ: ಕೈಗೂಸಿಗೆ ಹರ್ನಿಯಾ ಆಪರೇಷನ್, ಬೆನ್ನಿಗೆ ಇಂಜೆಕ್ಷನ್ ಕೊಡಬೇಕು ಎಂದರೆ ಯಾವ ತಾಯಿಯ ಎದೆಯೂ ಝಲ್ಲೆನ್ನುತ್ತದೆ. ಆಸ್ಪತ್ರೆ ಮೈಸೂರಿನದಾದರೂ ಕೋಝಿಕ್ಕೋಡಿನದಾದರೂ ಭಯ ಒಂದೇ. ಈ ಸೂಜಿಯ ಹಿಂದಿರುವವರು ಜರ್ಮನಿಯ ಸರ್ಜನ್ ಆಗಸ್ಟ್ ಬಿಯರ್.

1861ರ ನವೆಂಬರ್ 24ರಂದು ಹೆಲ್ಸೆನ್‌ನಲ್ಲಿ ಹುಟ್ಟಿದ ಬಿಯರ್, ಕೀಲ್ ನಗರದಲ್ಲಿ ಹೆಸರಾಂತ ಸರ್ಜನ್ ಎಸ್ಮಾರ್ಕ್ ಅವರ ಶಿಷ್ಯರಾದರು. ಆಗ ಕ್ಲೋರೋಫಾರಂ ಮೂಸಿ ಮಲಗಿದವರಲ್ಲಿ ಕೆಲವರು ಮತ್ತೆ ಏಳುತ್ತಿರಲಿಲ್ಲ. ಅದೇ ಊರಿನ ಕ್ವಿಂಕೆ ಎಂಬ ವೈದ್ಯರು 1891ರಲ್ಲಿ, ತಲೆಯಲ್ಲಿ ನೀರು ತುಂಬಿದ ಮಕ್ಕಳ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯುವ ಕ್ರಮವನ್ನು ಪ್ರಕಟಿಸಿದ್ದರು. ನೀರು ಬರುವ ದಾರಿಯಲ್ಲೇ ಮದ್ದು ಬಿಟ್ಟರೇನು ಎಂದು ಬಿಯರ್ ಯೋಚಿಸಿದರು.

1898ರ ಆಗಸ್ಟ್ 16ರಂದು, ಕಾಲಿಗೆ ಕ್ಷಯ ತಗುಲಿದ್ದ 34 ವರ್ಷದ ಕೂಲಿಯಾಳಿಗೆ ಕೊಕೇನ್ ಕೊಟ್ಟು ನೋವಿಲ್ಲದೆ ಆಪರೇಷನ್ ಮಾಡಿದರು. ಮೊದಲ ಆರು ರೋಗಿಗಳಲ್ಲಿ 11 ವರ್ಷದ ಹುಡುಗನೂ ಇದ್ದ. ಆದರೆ ಆಮೇಲೆ ತಲೆನೋವು, ವಾಂತಿ. ಕಾರಣ ತಿಳಿಯಲು ಬಿಯರ್ ತಮ್ಮ ಬೆನ್ನನ್ನೇ ಒಡ್ಡಿದರು. ಸಿರಿಂಜು ಸೂಜಿಗೆ ಕೂಡದೆ ನೀರು ಸೋರಿಹೋಯಿತು. ಬಳಿಕ ಸಹಾಯಕ ಹಿಲ್ಡೆಬ್ರಾಂಟ್ ಮುಂದೆ ಬಂದರು. ಮೊಣಕಾಲ ಕೆಳಗೆ ಸುತ್ತಿಗೆಯಿಂದ ಹೊಡೆದರೂ, ಸಿಗಾರ್‌ನಿಂದ ಸುಟ್ಟರೂ ಅವರಿಗೆ ನೋವಾಗಲಿಲ್ಲ. ಬಿಯರ್ ಮಾತ್ರ ತಲೆನೋವಿನಿಂದ ಒಂಬತ್ತು ದಿನ ಹಾಸಿಗೆ ಹಿಡಿದರು. ನೀರು ಸೋರಿದ್ದೇ ಕಾರಣವಿರಬೇಕೆಂದು ಊಹಿಸಿದರು. ಕೊಕೇನ್‌ನ ವಿಷಗುಣ ಕಂಡು, ಉತ್ತಮ ಮದ್ದು ಬರುವವರೆಗೆ ಎಚ್ಚರಿಕೆಯಿಂದಿದ್ದರು.

1909ರಲ್ಲಿ ಲಂಡನ್ನಿನ ಟೈರೆಲ್ ಗ್ರೇ ಈ ವಿಧಾನವನ್ನು ಪುಟ್ಟ ಮಕ್ಕಳಿಗೆ ಬಳಸಿದ ಅನುಭವ ಬರೆದರು. ನಂತರ ಹಿಂದೆ ಬಿದ್ದಿದ್ದ ಇದಕ್ಕೆ, 1984ರಲ್ಲಿ ಅಮೆರಿಕದ ವೆರ್ಮಾಂಟ್ ವೈದ್ಯರ ವರದಿಯಿಂದ ಮರುಜೀವ ಬಂತು. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಆಮೇಲೆ ಉಸಿರು ನಿಂತುನಿಂತು ಬರುವ ಅಪಾಯವಿರುತ್ತದೆ. ಬೆನ್ನಿನ ಸೂಜಿಯೊಂದೇ ಸಾಕಾದರೆ ಆ ಅಪಾಯ ಕಡಿಮೆ. ಕೂಸಿನ ಬೆನ್ನುಹುರಿ ದೊಡ್ಡವರಿಗಿಂತ ಕೆಳಗಿನವರೆಗೆ ಇರುವುದರಿಂದ ಸೂಜಿಯನ್ನೂ ಇನ್ನಷ್ಟು ಕೆಳಗೆ ಹಾಕುತ್ತಾರೆ. ಮದ್ದಿನ ಪ್ರಭಾವ ಸುಮಾರು ಒಂದು ಗಂಟೆ. ದೀರ್ಘ ಆಪರೇಷನ್ನಿಗೆ ಇದು ಸಾಲದು.

1907ರಲ್ಲಿ ಬರ್ಲಿನ್‌ನಲ್ಲಿ ಪ್ರೊಫೆಸರ್ ಆದ ಬಿಯರ್, 1937ರಲ್ಲಿ ಹಿಟ್ಲರ್ ಸರ್ಕಾರದ ಪ್ರಶಸ್ತಿ ಸ್ವೀಕರಿಸಿದ್ದು ಅವರ ಹೆಸರಿಗೆ ಅಂಟಿದ ಕಪ್ಪು ಚುಕ್ಕೆ.

ನಮ್ಮ ಕಾಡಂಚಿನವರಿಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ. 1912ರಲ್ಲಿ ಜೌವೆನ್ ಎಂಬ ಹಳ್ಳಿಯಲ್ಲಿ ಜಮೀನು ಕೊಂಡ ಬಿಯರ್, ಬರೀ ಪೈನ್ ಮರಗಳಿದ್ದ ಮರಳು ನೆಲದಲ್ಲಿ ಬಗೆಬಗೆಯ ಮರ ಬೆಳೆಸಿದರು. 1949ರ ಮಾರ್ಚ್ 12ರಂದು ಅಲ್ಲಿಯೇ ತೀರಿಕೊಂಡರು. ತೇಗ, ನೀಲಗಿರಿ ತೋಪುಗಳ ನಡುವೆ ಬದುಕುವ ಮುತ್ತಂಗದವರಿಗೆ ಆ ಕೆಲಸದ ಬೆಲೆ ಬಿಡಿಸಿ ಹೇಳಬೇಕಿಲ್ಲ.